ಗುಲಗಂಜಿಯ ತೂಕ

ಕಪಿಲೆಯು ಕಾವೇರಿಯನ್ನು ಕೂಡಿಕೊಳ್ಳುವ ತಿರುಮಕೂಡಲು ನರಸೀಪುರದಲ್ಲಿ, ನದೀತೀರದ ಗುಡಿಯಲ್ಲಿ ನೆಲೆಸಿರುವ ನರಸಿಂಹಸ್ವಾಮಿಗೆ ಗುಂಜಾ ನರಸಿಂಹನೆಂದು ಹೆಸರು ಬಂದುದು ಆತನ ಬೆರಳುಗಳ ನಡುವೆ ಇರುವ ಒಂದು ಗುಲಗಂಜಿಯಿಂದ. ತಕ್ಕಡಿಯ ಒಂದು ತಟ್ಟೆಯಲ್ಲಿ ಕಾಶಿಯನ್ನೂ ಮತ್ತೊಂದರಲ್ಲಿ ಈ ಕ್ಷೇತ್ರವನ್ನೂ ಇಟ್ಟು ತೂಗಿದರೆ ಪುಣ್ಯದ ಭಾರವು ಈ ಕಡೆಗೆ ಒಂದು ಗುಲಗಂಜಿಯಷ್ಟು ಹೆಚ್ಚಾಗಿರುವುದೆಂದು ಸ್ಥಳಪುರಾಣವು ಹೇಳುತ್ತದೆ. ಕ್ಷೇತ್ರಮಾಹಾತ್ಮ್ಯಗಳನ್ನು ಬರೆದವರು ಸಾಮಾನ್ಯವಾಗಿ ಕೈ ಬಿಗಿಹಿಡಿದು ಬರೆದವರಲ್ಲ. ಕಾಶಿಗಿಂತ ನೂರ್ಮಡಿ, ಸಾವಿರ ಮಡಿ ಎಂದು ಬರೆಯುವುದಕ್ಕೆ ಅವರಿಗೆ ತಾಳೆಗರಿಯ ಅಭಾವವೇನೂ ಇರಲಿಲ್ಲ. ಆದರೂ ನರಸೀಪುರದ ಪುರಾಣಿಕನು ಒಂದು ಗುಲಗಂಜಿಗೇ ತೃಪ್ತನಾದನು. ಈ ಮಿತಭಾಷೆಯ ಹಿಂದೆ ಒಂದು ಜಾಣ್ಮೆಯುಂಟೆಂದು ನನಗೆ ಬಹುಕಾಲದಿಂದ ಅನ್ನಿಸುತ್ತ ಬಂದಿದೆ. ನೂರ್ಮಡಿ ಎಂದರೆ ಕೇಳಿದವನು ನಗುತ್ತಾನೆ, ಇಲ್ಲವೆ ವಾದಕ್ಕೆ ನಿಲ್ಲುತ್ತಾನೆ. ಒಂದು ಗುಲಗಂಜಿ ಎಂದರೆ, ಅಷ್ಟು ತಾನೆ, ಇರಲಿ ಬಿಡಿ ಎಂದು ಒಪ್ಪಿಕೊಂಡುಬಿಡುತ್ತಾನೆ. ಒಪ್ಪಿಕೊಂಡ ಮೇಲೆ ತಕ್ಕಡಿಯು ಆಚಂದ್ರಾರ್ಕವಾಗಿ ಒಂದೇ ಕಡೆಗೆ ವಾಲಿರುತ್ತದೆ. ಅಕ್ಕಸಾಲಿಗರ ಹಳೆಯ ಲೆಕ್ಕದಲ್ಲಿ ತೊಲವೊಂದಕ್ಕೆ 96 ಗುಲಗಂಜಿ. ಎಂದರೆ ನೂರರಲ್ಲಿ ಒಂದು ಪಾಲಿಗಿಂತ ಕೂದಲೆಳೆಯಷ್ಟು ಹೆಚ್ಚಿನದು ಒಂದು ಗುಲಗಂಜಿ.

ಪುಣ್ಯದ ವಿಚಾರವನ್ನು ಬಲ್ಲವರು ಹೇಳಲಿ. ಈ ಗುಲಗಂಜಿಯ ಲೆಕ್ಕವು ಜೂಜಿನ ಯಂತ್ರಕ್ಕೂ ಮೂಲಸೂತ್ರವೆಂಬುದನ್ನು ನಾನು ವಿಚಾರಮಾಡುವಂತೆ ಆದುದು ನಂಜನಗೂಡಿನ ರಥಬೀದಿಯ ಹತ್ತಿರ ಜವಳಿ ಅಂಗಡಿಯಿಟ್ಟಿರುವ ನನ್ನ ಸ್ನೇಹಿತರ ದೆಸೆಯಿಂದ. ಅವರು ಸೋಮವಾರ ಒಪ್ಪೊತ್ತು ಮಾಡುವ ಶ್ರೀಕಂಠೇಶ್ವರನ ಭಕ್ತರು. ದೊಡ್ಡ ಜಾತ್ರೆಯಲ್ಲಿ ಪಂಚರಥಗಳು ಹೊರಟಾಗ ಗೌತಮ ರಥದ ಮಿಣಿಗೆ ಕೈಹಚ್ಚದೆ ಅನ್ನ ಮುಟ್ಟದವರು. ಅಂಗಡಿಯಲ್ಲಿ ಗಜಕ್ಕೆ ಒಂದು ಅಂಗುಲವನ್ನೂ ಕಡಿಮೆ ಅಳೆಯದವರು. ಆದರೆ ವರ್ಷಕ್ಕೊಮ್ಮೆ ಗೋವೆಗೆ ಹೋಗಿ, ಪಣಜಿಯಲ್ಲಿ ಮಾಂಡೋವಿ ನದಿಯ ಮೇಲೆ ನಿಂತಿರುವ ಹಡಗಿನೊಳಗೆ ಒಂದು ಇರುಳೆಲ್ಲ ಕುಳಿತು ಬರದಿದ್ದರೆ ಅವರಿಗೆ ವರ್ಷ ಮುಗಿದಂತೆ ಆಗುವುದಿಲ್ಲ. ಮಾಂಡೋವಿ ಎಂದರೆ ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ ಇಳಿದುಹೋಗುವ ಮಹದಾಯಿಯೇ. ನೀರಿಗಾಗಿ ಅತ್ತ ನ್ಯಾಯಮಂಡಳಿಯ ಮುಂದೆ ಮೂರು ರಾಜ್ಯಗಳು ವಕೀಲರನ್ನು ನಿಲ್ಲಿಸಿಕೊಂಡು ವಾದಿಸುತ್ತ ಬಂದಿದ್ದರೆ, ಇತ್ತ ನಮ್ಮವರ ಹಣವು ಯಾವ ಮಂಡಳಿಯ ಅಪ್ಪಣೆಯನ್ನೂ ಕೇಳದೆ ಅದೇ ನದಿಯ ಜಾಡು ಹಿಡಿದು ಪಶ್ಚಿಮಕ್ಕೆ ಹರಿಯುತ್ತಿದೆ.

ನಮ್ಮ ನಾಡಿನಲ್ಲಿ 1963ರ ಪೋಲೀಸು ಕಾಯಿದೆಯು ಜೂಜಿನ ಮನೆಯನ್ನು ನಡೆಸುವವನನ್ನೂ ಅಲ್ಲಿ ಸಿಕ್ಕಿಬಿದ್ದವನನ್ನೂ ದಂಡಿಸುತ್ತದೆ. ಗೋವೆಯಲ್ಲಿಯೂ 1976ರ ಸಾರ್ವಜನಿಕ ಜೂಜು ಕಾಯಿದೆಯ ಮೂಲೋದ್ದೇಶವು ನಿಷೇಧವೇ. ಆದರೆ 1992ರಲ್ಲಿ ಅದಕ್ಕೆ ಒಂದು ತಿದ್ದುಪಡಿಯನ್ನು ಸೇರಿಸಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಷೀನುಗಳಿಗೆ ಅವಕಾಶ ಕೊಟ್ಟರು. 1996ರಲ್ಲಿ ಮತ್ತೊಂದನ್ನು ಸೇರಿಸಿ ಹಡಗುಗಳಿಗೂ ಬಾಗಿಲು ತೆರೆದರು. ಕಾಯಿದೆಯ ತಲೆಬರಹವು ನಿಷೇಧವನ್ನೇ ಸಾರುತ್ತಿರಲು ಒಳಗಿನ ಒಂದು ಉಪವಿಧಿಯು ಸಂತೆಯನ್ನೇ ನಡೆಸಿಕೊಳ್ಳುವ ಚಮತ್ಕಾರವು ನಮ್ಮ ದೇಶದ ಶಾಸನರಚನೆಯಲ್ಲಿ ಅಪರೂಪವಾದುದಲ್ಲ.

ನನ್ನ ಸ್ನೇಹಿತರು ಆ ಹಡಗಿನಿಂದ ಪ್ರತಿ ಸಲವೂ ಹಗುರವಾದ ಜೇಬಿನೊಡನೆಯೂ ಭಾರವಾದ ಸಿದ್ಧಾಂತಗಳೊಡನೆಯೂ ಮರಳುತ್ತಾರೆ. ಬಹಳ ಹೊತ್ತು ಏನನ್ನೂ ಕೊಡದೆ ನುಂಗಿರುವ ಯಂತ್ರವು ಇನ್ನೇನು ಕೊಡಲಿಕ್ಕಿದೆ ಎಂಬುದೊಂದು. ಈಗತಾನೆ ಕೊಟ್ಟ ಯಂತ್ರವು ಮತ್ತೆ ಸದ್ಯಕ್ಕೆ ಕೊಡದು ಎಂಬುದೊಂದು. ಜನ ಓಡಾಡುವ ದಾರಿಯ ಪಕ್ಕದ ಯಂತ್ರಗಳನ್ನು ದೊರೆಗಳು ನೋಡುವವರ ಆಸೆ ಕೆರಳಲೆಂದು ಉದಾರವಾಗಿ ಇಟ್ಟಿರುತ್ತಾರೆಂಬುದೊಂದು. ಬೆರಳು ತಣ್ಣಗಿದ್ದಾಗ ಗುಂಡಿ ಒತ್ತಬಾರದೆಂಬುದು ಮತ್ತೊಂದು. ಯಂತ್ರಕ್ಕೆ ನೆನಪು, ನಾಚಿಕೆ, ದಾಕ್ಷಿಣ್ಯ, ಕೋಪ ಎಲ್ಲವನ್ನೂ ಅವರು ಆರೋಪಿಸಿಯಾಗಿತ್ತು, ಇಲ್ಲದಿದ್ದುದು ಲೆಕ್ಕವೊಂದೇ. ಲೆಕ್ಕವು ಅವರಿಗೆ ಬಾರದ ವಿದ್ಯೆಯಲ್ಲ. ಅಂಗಡಿಯಲ್ಲಿ ಕುಳಿತು, ಕಾಂಚೀಪುರದ ಸೀರೆಯ ಮೇಲೆ ಎಷ್ಟು ಬಿಟ್ಟರೆ ಎಷ್ಟು ಉಳಿದೀತೆಂಬುದನ್ನು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲರು. ಆ ವಿದ್ಯೆಯನ್ನು ಚಪ್ಪಲಿಯಂತೆ ಹಡಗಿನ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆಂಬುದೇ ನನ್ನ ಕುತೂಹಲವನ್ನು ಕೆರಳಿಸಿತು.

ಕಿಂಡಿಯಲ್ಲಿ ನಾಣ್ಯ ಹಾಕಿದರೆ ಪ್ರತಿಫಲ ಕೊಡುವ ಯಂತ್ರದ ವಂಶಾವಳಿಯನ್ನು ಹಿಡಿದು ಮೇಲೇರಿದರೆ ನಾವು ಹೋಗಿ ನಿಲ್ಲುವುದು ಜೂಜಿನ ಕಟ್ಟೆಯ ಬಳಿಯಲ್ಲಲ್ಲ, ದೇವಾಲಯದ ಬಾಗಿಲಲ್ಲಿ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯಾ ನಗರದಲ್ಲಿದ್ದ ಹೀರೋ ಎಂಬ ಯವನ ಯಂತ್ರಜ್ಞನು ತೀರ್ಥ ಕೊಡುವ ಪಾತ್ರೆಯೊಂದನ್ನು ವರ್ಣಿಸಿದ್ದಾನೆ. ಮೇಲಿನ ಕಿಂಡಿಯಲ್ಲಿ ನಾಣ್ಯವನ್ನು ಹಾಕಿದರೆ ಅದು ಒಳಗಿನ ಸನ್ನೆಗೋಲಿನ ತುದಿಯ ತಟ್ಟೆಯ ಮೇಲೆ ಬೀಳುವುದು. ಸನ್ನೆಗೋಲು ಒಂದು ಕಡೆ ತಗ್ಗಿ ಇನ್ನೊಂದು ಕಡೆ ಏರಿ ನಳಿಗೆಯ ಮುಚ್ಚಳವನ್ನೆತ್ತುವುದು. ತಟ್ಟೆ ಓರೆಯಾಗಿ ನಾಣ್ಯವು ಜಾರಿಹೋದೊಡನೆ ಮುಚ್ಚಳವು ಬಿದ್ದು ನೀರು ನಿಲ್ಲುವುದು. ಕೊಟ್ಟ ಕಾಸಿಗೆ ತಕ್ಕಷ್ಟೇ ತೀರ್ಥ, ಒಂದು ಹನಿಯೂ ಹೆಚ್ಚಿಲ್ಲ. ನಂಜನಗೂಡಿನ ನಂಜುಂಡೇಶ್ವರನ ಹುಂಡಿಗೂ ಕಿಂಡಿಯುಂಟು, ಆದರೆ ಅದರೊಳಗೆ ಸನ್ನೆಗೋಲೂ ಇಲ್ಲ, ನಳಿಗೆಯೂ ಇಲ್ಲ. ಹಾಕಿದ್ದು ಹೋಯಿತು, ಹೋದುದಕ್ಕೆ ಏನನ್ನು ಕೊಡುತ್ತೇನೆಂದು ಹುಂಡಿಯು ಮಾತು ಕೊಟ್ಟಿಲ್ಲ. ಆದುದರಿಂದಲೇ ಹುಂಡಿಯ ಮೇಲೆ ಇದುವರೆಗೆ ಯಾರೂ ದೂರು ಹೇಳಿದ್ದನ್ನು ನಾನು ಕೇಳಿಲ್ಲ. ರೈಲ್ವೆ ನಿಲ್ದಾಣಗಳಲ್ಲಿ ಬಣ್ಣಬಣ್ಣದ ದೀಪಗಳನ್ನು ಮಿನುಗಿಸುತ್ತ ನಿಂತಿರುತ್ತಿದ್ದ ತೂಕದ ಯಂತ್ರವು ಇವೆರಡರ ನಡುವಿನದು; ಕಾಸು ಹಾಕಿದ ಎಲ್ಲರಿಗೂ ಒಂದು ರಟ್ಟಿನ ಚೀಟಿಯನ್ನು ಉಗುಳುತ್ತಿತ್ತು; ಅದರ ಒಂದು ಮಗ್ಗುಲಲ್ಲಿ ತೂಕ, ಇನ್ನೊಂದರಲ್ಲಿ ಭವಿಷ್ಯ. ಎರಡೂ ಅಷ್ಟಾಗಿ ನಂಬತಕ್ಕವಾಗಿರಲಿಲ್ಲವಾದರೂ ಬರಿಗೈಯಲ್ಲಿ ಕಳಿಸಿತೆಂಬ ಅಪವಾದವಿರಲಿಲ್ಲ.

ಕಾಸು ಹಾಕಿದವರಲ್ಲಿ ಕೆಲವರಿಗೆ ಮಾತ್ರ ಕೊಡುವ, ಯಾರಿಗೆ ಕೊಡುವುದೆಂಬುದನ್ನು ಮುಂಚಿತವಾಗಿ ಯಾರಿಗೂ ತಿಳಿಸದ ಯಂತ್ರವು ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಬವೇರಿಯದಿಂದ ವಲಸೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನೆಲೆಸಿದ್ದ ಚಾರ್ಲ್ಸ್ ಫೇ ಎಂಬ ಕುಶಲಕರ್ಮಿಯು ‘ಲಿಬರ್ಟಿ ಬೆಲ್’ ಎಂಬ ಯಂತ್ರವನ್ನು ನಿರ್ಮಿಸಿದನು. ಮೂರು ಚಕ್ರಗಳು, ಚಕ್ರಗಳ ಅಂಚಿನಲ್ಲಿ ಕುದುರೆಲಾಳ, ಇಸ್ಪೀಟಿನ ಚಿಹ್ನೆಗಳು, ಬಿರುಕುಬಿಟ್ಟ ಗಂಟೆ, ಪಕ್ಕದ ಹಿಡಿಯನ್ನು ಎಳೆದರೆ ಮೂರೂ ತಿರುಗಿ ಒಂದರ ಹಿಂದೊಂದು ನಿಲ್ಲುವುವು. ಮೂರು ಗಂಟೆಗಳು ಸಾಲಾಗಿ ನಿಂತರೆ ಐದು ಸೆಂಟಿಗೆ ಐವತ್ತು ಸೆಂಟು, ಅದೇ ಮಹಾಬಹುಮಾನ. ಮುಂದೆ ಇಂಥ ಯಂತ್ರಗಳ ಮೇಲೆ ಅಲ್ಲಿನ ಸರಕಾರಗಳು ಕಣ್ಣು ಕೆಂಪಗೆ ಮಾಡಿದಾಗ, ಇದು ಜೂಜಲ್ಲ, ಅಗಿಯುವ ಗಮ್ಮನ್ನು ಮಾರುವ ಯಂತ್ರವೆಂದು ಸಾಧಿಸುವುದಕ್ಕಾಗಿ ಕೆಲವರು ಗಮ್ಮಿನ ರುಚಿಗಳನ್ನು ಸೂಚಿಸುವ ಹಣ್ಣುಗಳ ಚಿತ್ರಗಳನ್ನು ಚಕ್ರಕ್ಕೆ ಅಂಟಿಸಿದರು. ಗಮ್ಮು ಹೋದರೂ ಹಣ್ಣುಗಳು ಹೋಗಲಿಲ್ಲ. ಇಂದಿಗೂ ಪಣಜಿಯ ಹಡಗಿನಲ್ಲಿ ಕುಳಿತವನ ಕಣ್ಣೆದುರಿಗೆ ತಿರುಗುವ ಚೆರಿ, ನಿಂಬೆಗಳಿಗೆ ಇದೇ ಪೂರ್ವೇತಿಹಾಸ.

ಹಣ್ಣುಗಳೇ ಆಗಬೇಕೆಂದಮೇಲೆ ನಮ್ಮ ಊರಿನವೇ ಆಗಲಿ ಎಂದುಕೊಂಡು ನಾನು ಒಂದು ಕಾಗದದ ಮೇಲೆ ನನ್ನದೇ ಯಂತ್ರವೊಂದನ್ನು ಕಟ್ಟಿದೆನು. ಕಾಗದದ ಮೇಲೆ ಕಟ್ಟುವುದಕ್ಕೆ 1963ರ ಕಾಯಿದೆಯ ಆಕ್ಷೇಪಣೆಯಿರಲಾರದು. ಮೂರು ಚಕ್ರಗಳು, ಒಂದೊಂದರಲ್ಲಿ ಹತ್ತು ಮನೆಗಳು. ಹತ್ತರಲ್ಲಿ ಒಂದು ಮನೆ ಗಂಟೆಗೆ, ಎರಡು ಮಾವಿನಹಣ್ಣಿಗೆ, ಮೂರು ಹಲಸಿಗೆ, ಉಳಿದ ನಾಲ್ಕು ನಂಜನಗೂಡಿನ ರಸಬಾಳೆಗೆ. (ದೇವರಸನಹಳ್ಳಿಯ ತೋಟಗಳಲ್ಲಿ ಸೊರಗುರೋಗ ತಗುಲಿ ರಸಬಾಳೆಯೆಂಬುದು ಈಗ ನಿಜವಾದ ಮಾರುಕಟ್ಟೆಯಲ್ಲಿ ಗಂಟೆಗಿಂತಲೂ ಅಪರೂಪವಾಗಿದೆ, ಆದರೆ ಚಕ್ರದ ಮೇಲಾದರೂ ಅದು ಸಮೃದ್ಧವಾಗಿರಲೆಂದು ನನ್ನ ಆಶಯ.) ಆಟವೊಂದಕ್ಕೆ ಒಂದು ರೂಪಾಯಿ. ಮೂರು ಗಂಟೆ ನಿಂತರೆ 200 ರೂಪಾಯಿ, ಮೂರು ಮಾವಿಗೆ 25, ಮೂರು ಹಲಸಿಗೆ 10, ಮೂರು ರಸಬಾಳೆಗೆ 4. ಮಿಕ್ಕುದಕ್ಕೆಲ್ಲ ಸೊನ್ನೆ.

ಹತ್ತು ಮನೆಗಳ ಮೂರು ಚಕ್ರಗಳು ನಿಲ್ಲಬಹುದಾದ ಬಗೆಗಳು ಒಟ್ಟು ಒಂದು ಸಾವಿರ. ಗಂಟೆಗಳು ಮೂರೂ ಕೂಡುವುದು ಒಂದೇ ಬಗೆಯಲ್ಲಿ. ಮಾವು ಎರಡೆರಡು ಮನೆಗಳಲ್ಲಿರುವುದರಿಂದ ಎಂಟು ಬಗೆಗಳಲ್ಲಿ. ಹಲಸು ಇಪ್ಪತ್ತೇಳು ಬಗೆಗಳಲ್ಲಿ. ಬಾಳೆ ಅರುವತ್ತನಾಲ್ಕು ಬಗೆಗಳಲ್ಲಿ. ಕೂಡಿಸಿದರೆ ಸರಿಯಾಗಿ ನೂರು. ಹತ್ತು ಬಾರಿ ಆಡಿದವನು ಸರಾಸರಿ ಒಂದು ಬಾರಿ ಗೆಲ್ಲುತ್ತಾನೆ, ಗೆದ್ದವರಲ್ಲಿ ಹೆಚ್ಚಿನವರು ಬಾಳೆಯ ಗಿರಾಕಿಗಳು. ಈಗ ಸಾವಿರ ಬಗೆಗಳೂ ಒಂದೊಂದು ಸಲ ಬಂದುವೆಂದು ಇಟ್ಟುಕೊಳ್ಳೋಣ. ಯಂತ್ರದ ಹೊಟ್ಟೆಗೆ ಬಿದ್ದುದು 1000 ರೂಪಾಯಿ. ಅದು ಕೊಡಬೇಕಾದುದು ಗಂಟೆಗೆ 200, ಮಾವುಗಳಿಗೆ 200, ಹಲಸುಗಳಿಗೆ 270, ಬಾಳೆಗಳಿಗೆ 256, ಒಟ್ಟು 926. ಉಳಿದ 74 ರೂಪಾಯಿ ಯಜಮಾನನಿಗೆ. ನೂರಕ್ಕೆ ಏಳು ರೂಪಾಯಿ ನಲವತ್ತು ಪೈಸೆ. ತೊಲಕ್ಕೆ ಏಳು ಗುಲಗಂಜಿ. ಜೂಜಿನ ಮನೆಯವರು ‘ಈ ಯಂತ್ರವು ನೂರಕ್ಕೆ ತೊಂಬತ್ತೆರಡು ಹಿಂದಿರುಗಿಸುತ್ತದೆ’ ಎಂದು ಹೇಳುವಾಗ ಹೇಳುವುದು ಈ ಲೆಕ್ಕವನ್ನೇ. ಅಮೆರಿಕದ ನೆವಾಡ ಸಂಸ್ಥಾನದಲ್ಲಂತೂ ನೂರಕ್ಕೆ 75ಕ್ಕಿಂತ ಕಡಿಮೆ ಹಿಂದಿರುಗಿಸುವ ಯಂತ್ರವನ್ನು ಇಡಕೂಡದೆಂದು ನಿಯಮವೇ ಉಂಟು.

ಇದರಲ್ಲಿ ಮೋಸವೆಲ್ಲಿ ಎಂದು ಕೇಳಿದರೆ, ಮೋಸವಿಲ್ಲ. ಚಕ್ರಗಳು ನ್ಯಾಯವಾಗಿ ತಿರುಗುತ್ತವೆ. ಹೇಳಿದ ಬಹುಮಾನವನ್ನು ಹೇಳಿದಂತೆ ಕೊಡುತ್ತವೆ. ಶಕುನಿಗೆ ಕಪಟದ ದಾಳಗಳು ಬೇಕಾಗಿದ್ದುವು. ಈ ಯಂತ್ರಕ್ಕೆ ಬೇಡ. ಅದರ ಲಾಭವು ತಾನು ಗೆಲ್ಲುವುದರಲ್ಲಿಲ್ಲ, ಗೆದ್ದವನಿಗೆ ಕೊಡತಕ್ಕುದರಲ್ಲಿ ಒಂದಿಷ್ಟನ್ನು ತಡೆಹಿಡಿಯುವುದರಲ್ಲಿದೆ. ಮೂರು ಗಂಟೆಗಳು ಸಾವಿರಕ್ಕೊಮ್ಮೆ ಬರುವಾಗ ಅದಕ್ಕೆ 200ರ ಬದಲು 274 ಕೊಟ್ಟಿದ್ದರೆ ಯಂತ್ರವೂ ಆಟಗಾರನೂ ಸಮಬಲರಾಗುತ್ತಿದ್ದರು. ಆ ಎಪ್ಪತ್ತನಾಲ್ಕನ್ನು ಸೋತವನಿಂದ ಕಸಿದುಕೊಂಡಿದ್ದರೆ ಆತ ಕೂಗುತ್ತಿದ್ದ. ಗೆದ್ದವನಿಂದ ಇಟ್ಟುಕೊಂಡರೆ ಆತ ಸಂತೋಷದಿಂದ ಪಕ್ಕದವನಿಗೆ ಕಾಫಿ ಕೊಡಿಸುತ್ತಾನೆ.

ಇನ್ನೊಂದು ಸೂಕ್ಷ್ಮವಿದೆ. ನನ್ನ ಯಂತ್ರದಲ್ಲಿ ರಸಬಾಳೆಯ ಬಹುಮಾನವನ್ನು ನಾಲ್ಕು ರೂಪಾಯಿಯಿಂದ ಮೂರಕ್ಕೆ ಇಳಿಸಿದೆನೆಂದು ಭಾವಿಸಿ. ಗಂಟೆಯ ಇನ್ನೂರು ಹಾಗೆಯೇ ಇದೆ. ಫಲಕದ ಮೇಲೆ ದೊಡ್ಡಕ್ಷರಗಳಲ್ಲಿ ಹೊಳೆಯುವುದೂ ಅದೇ. ಕೆಳಗಿನ ಸಾಲಿನ ಒಂದು ರೂಪಾಯಿಯನ್ನು ಯಾರು ನೋಡುತ್ತಾರೆ? ಆದರೆ ಅರುವತ್ತನಾಲ್ಕು ಬಾಳೆಗಳಿಂದ ಒಂದೊಂದು ರೂಪಾಯಿ ಉಳಿದು, ಯಜಮಾನನ ಪಾಲು 74ರಿಂದ 138ಕ್ಕೆ ನೆಗೆಯಿತು. ಏಳು ಗುಲಗಂಜಿಯು ಹದಿಮೂರಾಯಿತು. ಆಟಗಾರನಿಗೆ ಯಂತ್ರವು ನಿನ್ನೆಯಂತೆಯೇ ಇಂದೂ ಹತ್ತಕ್ಕೊಮ್ಮೆ ಗೆಲ್ಲಿಸುತ್ತಿದೆ, ನಿನ್ನೆಯಂತೆಯೇ ದೀಪ ಬೆಳಗಿಸುತ್ತಿದೆ, ನಿನ್ನೆಯಂತೆಯೇ ಗಂಟೆ ಬಾರಿಸುತ್ತಿದೆ. ಜೇಬು ಮಾತ್ರ ಸುಮಾರು ಇಮ್ಮಡಿ ವೇಗದಲ್ಲಿ ಖಾಲಿಯಾಗುತ್ತಿದೆ.

ಇದಿಷ್ಟೂ ಹಲ್ಲುಗಾಲಿಗಳ ಕಾಲದ ಮಾತು. ಫೇ ಮಾಡಿದ ಯಂತ್ರವನ್ನು ಬಿಚ್ಚಿ ನೋಡಿದರೆ ಚಕ್ರದ ಮನೆಗಳನ್ನು ಎಣಿಸಬಹುದಾಗಿತ್ತು. 1960ರ ದಶಕದಲ್ಲಿ ವಿದ್ಯುತ್ತು ಸೇರಿತು; ಆಮೇಲೆ ಗಣಕ ಸೇರಿತು. ಈಗಿನ ಯಂತ್ರದಲ್ಲಿ ಚಕ್ರಗಳು ತಿರುಗುವುದು ಬರಿಯ ಉಪಚಾರ. ಒಳಗಿನ ಒಂದು ಚಿಪ್ಪು, ಯಾರು ಆಡಲಿ ಬಿಡಲಿ, ಎಡೆಬಿಡದೆ ಕ್ಷಣಕ್ಕೆ ನೂರಾರು ಸಂಖ್ಯೆಗಳನ್ನು ಉರುಳಿಸುತ್ತಲೇ ಇರುತ್ತದೆ. ಗುಂಡಿಯನ್ನು ಒತ್ತಿದ ಗಳಿಗೆಯಲ್ಲಿ ಯಾವ ಸಂಖ್ಯೆ ಸಿಕ್ಕಿತೋ ಅದರಿಂದ ಫಲವು ನಿಶ್ಚಯವಾಗಿಹೋಗುತ್ತದೆ. ಚಕ್ರಗಳು ತಿರುಗಿ, ತಡೆದು, ಎದೆ ಬಡಿಸಿ ನಿಲ್ಲುವುದೆಲ್ಲ ಆಗಲೇ ಬರೆದುಹೋದ ತೀರ್ಪನ್ನು ಓದಿ ಹೇಳುವ ರೀತಿ ಮಾತ್ರ. ಇಂಗೆ ಟೆಲ್ನೆಸ್ ಎಂಬವನು 1984ರಲ್ಲಿ ಪೇಟೆಂಟು ಪಡೆದ ಉಪಾಯವು ಇದಕ್ಕೆ ಕಳಶವಿಟ್ಟಿತು. ಕಣ್ಣಿಗೆ ಕಾಣುವ ಚಕ್ರದಲ್ಲಿ ಇಪ್ಪತ್ತೆರಡು ಮನೆಗಳಿರಲಿ; ಚಿಪ್ಪಿನೊಳಗೆ ಕಾಣದ ಚಕ್ರವೊಂದಿದ್ದು ಅದರಲ್ಲಿ ಅರುವತ್ತನಾಲ್ಕು ಮನೆಗಳಿರಲಿ; ಆ ಅರುವತ್ತನಾಲ್ಕರಲ್ಲಿ ಗಂಟೆಗೆ ಒಂದೇ ಒಂದನ್ನು ಕೊಟ್ಟು, ಬರಿದಾದ ಮನೆಗಳಿಗೆ ಬೇಕಾದಷ್ಟನ್ನು ಹಂಚಿದರಾಯಿತು. ಕಣ್ಣಿನ ಲೆಕ್ಕದಲ್ಲಿ ಮೂರು ಗಂಟೆಗಳು ಹತ್ತು ಸಾವಿರ ಚಿಲ್ಲರೆ ಬಾರಿಗೊಮ್ಮೆ ಬರಬೇಕು. ಚಿಪ್ಪಿನ ಲೆಕ್ಕದಲ್ಲಿ ಬರುವುದು 2,62,144 ಬಾರಿಗೊಮ್ಮೆ. ಇಷ್ಟು ದೂರದ ಗಂಟೆಗೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಬಹುಮಾನವನ್ನು ಧಾರಾಳವಾಗಿ ಸಾರಬಹುದು.

ಬರಿದಾದ ಮನೆಗಳನ್ನು ಎಲ್ಲಿ ಹಂಚಬೇಕೆಂಬುದರಲ್ಲಿಯೂ ಒಂದು ಕೈಚಳಕವಿದೆ. ನನ್ನ ಕಾಗದದ ಯಂತ್ರದಲ್ಲಿಯೇ ಮೂರು ಗಂಟೆ ಒಂದು ಬಾರಿ ಬಂದರೆ, ಎರಡು ಗಂಟೆ ಬಂದು ಮೂರನೆಯದು ತಪ್ಪುವುದು ಇಪ್ಪತ್ತೇಳು ಬಾರಿ, ಅದು ಪ್ರಕೃತಿಸಹಜ. ಗಣಕದ ಯಂತ್ರದಲ್ಲಿ ಗಂಟೆಯ ಮೇಲಿನ ಮತ್ತು ಕೆಳಗಿನ ಬರಿದಾದ ಮನೆಗಳಿಗೇ ಹೆಚ್ಚು ಸಂಖ್ಯೆಗಳನ್ನು ಕೊಟ್ಟರೆ, ಗಂಟೆಯು ಮೇಲಿಂದ ಮೇಲೆ ಸಾಲಿಗೆ ಒಂದು ಅಂಗುಲ ಮೇಲೆಯೋ ಕೆಳಗೆಯೋ ಬಂದು ನಿಲ್ಲುತ್ತದೆ. ಸ್ನೇಹಿತರು, ‘ಕೂದಲೆಳೆಯಲ್ಲಿ ತಪ್ಪಿತು ಸ್ವಾಮಿ, ಒಂದೇ ಒಂದು ಮನೆ!’ ಎಂದು ಕೈ ಕೈ ಹಿಸುಕಿಕೊಳ್ಳುವುದು ಇದಕ್ಕೇ. ತಪ್ಪಿದುದು ಕೂದಲೆಳೆಯಲ್ಲಲ್ಲ, ಬಾಣವು ಬತ್ತಳಿಕೆಯನ್ನೇ ಬಿಟ್ಟಿರಲಿಲ್ಲ. ಆದರೆ ಸೋಲು ಗೆಲುವಿನ ನೆರೆಮನೆಯಲ್ಲಿ ನಿಂತಂತೆ ಕಂಡರೆ ಮನುಷ್ಯನು ಎದ್ದು ಹೋಗಲಾರನು. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞನು ಪಾರಿವಾಳಗಳನ್ನು ಸಾಕಿ ಪರೀಕ್ಷಿಸಿದಾಗ, ಇಷ್ಟು ಬಾರಿ ಕುಕ್ಕಿದರೆ ಇಷ್ಟು ಕಾಳು ಎಂಬ ನಿಯಮವಿರುವಲ್ಲಿ ಹಕ್ಕಿಯು ಕಾಳು ತಿಂದು ತುಸು ವಿಶ್ರಮಿಸುತ್ತಿತ್ತು. ಎಷ್ಟನೆಯ ಕುಕ್ಕಿಗೆ ಕಾಳು ಬೀಳುವುದೆಂಬುದು ತಿಳಿಯದಿದ್ದಾಗ ವಿಶ್ರಾಂತಿಯಿಲ್ಲದೆ ಕುಕ್ಕುತ್ತಲೇ ಇರುತ್ತಿತ್ತು. ಜೂಜಿನ ಯಂತ್ರವು ಈ ಎರಡನೆಯ ನಿಯಮದಂತೆಯೇ ನಡೆಯುತ್ತದೆಂದು ಆತನೇ ಹೇಳಿದನು.

ಗುಲಗಂಜಿಯ ಮಹಿಮೆಯು ಈ ಕುಕ್ಕಾಟದಲ್ಲಿ. ಏಳು ಗುಲಗಂಜಿ ಹೋದರೆ ಹೋಗಲಿ, ಮನರಂಜನೆಗೆ ಅಷ್ಟು ಬೇಡವೇ ಎಂದು ಕೇಳುವವರುಂಟು. ಹಿಡಿಯನ್ನು ಎಳೆಯುವ ಶ್ರಮವಿದ್ದ ಕಾಲಕ್ಕೆ ಅದು ಸರಿಯಾದ ಪ್ರಶ್ನೆಯೇ ಇರಬಹುದು. ಈಗ ಗುಂಡಿ, ಗಂಟೆಗೆ ಐನೂರು, ಆರುನೂರು ಬಾರಿ ಒತ್ತುವುದು ಕಷ್ಟವಲ್ಲ. ಸಾವಿರ ರೂಪಾಯಿಯನ್ನು ಕೈಯಲ್ಲಿ ಹಿಡಿದು, ಆಟಕ್ಕೆ ಹತ್ತರಂತೆ ನನ್ನ ಯಂತ್ರದ ಮುಂದೆ ಕುಳಿತವನಿಗೆ, ಸಾವಿರವನ್ನೂ ಒಂದು ಸುತ್ತು ಆಡಿ ಮುಗಿಸಿದಾಗ ಸರಾಸರಿ 926 ಉಳಿದಿರುತ್ತದೆ. ಆತ ಅದನ್ನು ಜೇಬಿಗಿಟ್ಟು ಎದ್ದರೆ ಹೋದುದು ಎಪ್ಪತ್ತನಾಲ್ಕೇ. ಆದರೆ ಎದ್ದವರಾರು? ಆ 926ನ್ನು ಮತ್ತೆ ಆಡಿದರೆ 857. ಒಂಬತ್ತನೆಯ ಸುತ್ತು ಮುಗಿಯುವಷ್ಟರಲ್ಲಿ ಸಾವಿರವು ಐನೂರಾಗಿದೆ, ಕಾಲವೂ ಒಂದು ಗಂಟೆಯ ಮೇಲೆ ಚಿಲ್ಲರೆ ನಿಮಿಷಗಳಾಗಿವೆ. ಯಂತ್ರವು ತಾನು ಹೇಳಿದಂತೆ ತೊಂಬತ್ತೆರಡನ್ನು ಕೊಟ್ಟೇ ಕೊಟ್ಟಿತು; ಕೊಟ್ಟುದನ್ನು ಒಂಬತ್ತು ಬಾರಿ ಹಿಂದಕ್ಕೆ ತೆಗೆದುಕೊಂಡಿತು, ಅಷ್ಟೆ.

ಸರಾಸರಿ ಎಂಬ ಈ ಮಾತನ್ನು ಮಾತ್ರ ಸ್ನೇಹಿತರಂಥವರು ತಿರುಚಿ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಸಾವಿರಕ್ಕೊಮ್ಮೆ ಗಂಟೆ ಬರುವುದಾದರೆ, ಒಂಬೈನೂರ ತೊಂಬತ್ತೊಂಬತ್ತು ಬಾರಿ ಬಾರದಿರಲು ಮುಂದಿನ ಸಲ ಬಂದೇ ತೀರಬೇಕಲ್ಲ? ಹಾಗಿಲ್ಲ. ಮುಂದಿನ ಸಲವೂ ಸಾವಿರದಲ್ಲಿ ಒಂದೇ ಪಾಲು. ಕಳೆದ ಆಟವನ್ನು ನೆನಪಿಡುವ ಅಂಗವೇ ಆ ಚಕ್ರಗಳಿಗಿಲ್ಲ. ಸಾವಿರ ಬಾರಿ ಆಡಿದವರನ್ನು ಮೂವರು ಮೂವರಂತೆ ಸಾಲಾಗಿ ನಿಲ್ಲಿಸಿದರೆ ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಗಂಟೆಯ ಮುಖವನ್ನೇ ಕಂಡಿರುವುದಿಲ್ಲ. ಮತ್ತೆ ಕೆಲವರು ಎರಡು, ಮೂರು ಬಾರಿ ಕಂಡಿರುತ್ತಾರೆ. ಊರಿಗೆ ಬಂದು ಕಥೆ ಹೇಳುವವರು ಈ ಎರಡನೆಯ ಗುಂಪಿನವರು.

ಗೆದ್ದ ಹಣವು ಕೈಗೆ ಬರುವ ಬಗೆಯನ್ನೂ ಒಂದಿಷ್ಟು ಹೇಳಬೇಕು. ಹಿಂದೆ ನಾಣ್ಯಗಳು ಕೆಳಗಿನ ಲೋಹದ ಬೋಗುಣಿಗೆ ಝಣಝಣನೆ ಸುರಿಯುತ್ತಿದ್ದುವು. ಆ ಸದ್ದು ಗೆದ್ದವನಿಗಿಂತ ಸುತ್ತಲಿನ ಸೋತವರಿಗೆಂದೇ ಇದ್ದುದು. ಈಗ ಯಂತ್ರವು ಅಂಕಿ ಮುದ್ರಿಸಿದ ಒಂದು ಚೀಟಿಯನ್ನು ಕೊಡುತ್ತದೆ, ಇಲ್ಲವೆ ಕಾರ್ಡಿನಲ್ಲಿ ಜಮೆ ಮಾಡುತ್ತದೆ. ನಾಣ್ಯದ ಸದ್ದನ್ನು ಮಾತ್ರ ಧ್ವನಿವರ್ಧಕದಲ್ಲಿ ಕೇಳಿಸುತ್ತದೆ. ಮಹಾಬಹುಮಾನ ಬಂದರೆ ಯಂತ್ರವು ಸ್ತಬ್ಧವಾಗಿ, ಸಿಬ್ಬಂದಿಯವರು ಬಂದು, ಯಂತ್ರದ ದೋಷದಿಂದ ಬಂದುದಲ್ಲವೆಂದು ಖಚಿತಪಡಿಸಿಕೊಂಡು, ಕಾಗದಪತ್ರಗಳಿಗೆ ರುಜು ಹಾಕಿಸಿಕೊಂಡು ಕೊಡುತ್ತಾರೆ. ಕೆಲವು ದೇಶಗಳಲ್ಲಿ ನಾನಾ ಊರುಗಳ ಯಂತ್ರಗಳನ್ನು ತಂತಿಯಿಂದ ಬೆಸೆದು, ಪ್ರತಿ ಆಟದಿಂದ ಒಂದು ಚೂರನ್ನು ಸಮಾನ ನಿಧಿಗೆ ಸೇರಿಸಿ ಬೆಳೆಸುವ ಬಹುಮಾನಗಳುಂಟು. ಲಾಸ್ ವೇಗಾಸಿನಲ್ಲಿ 2003ರಲ್ಲಿ ಅಂಥ ಒಂದು ಬಹುಮಾನವು ಮೂರು ಕೋಟಿ ತೊಂಬತ್ತು ಲಕ್ಷ ಡಾಲರುಗಳನ್ನು ಮೀರಿತ್ತು. ನಮ್ಮಲ್ಲಿ ಇಂಥ ಗೆಲುವಿನ ಮೇಲೆ ಆದಾಯ ತೆರಿಗೆಯು ನೂರಕ್ಕೆ ಮೂವತ್ತು, ಮೇಲೆ ಸೆಸ್ಸು. ಗೆದ್ದುದಕ್ಕೆ ತೆರಿಗೆಯುಂಟು, ಸೋತುದನ್ನು ಅದರಲ್ಲಿ ಕಳೆಯುವ ಅವಕಾಶವಿಲ್ಲ. ಯಂತ್ರದ ಏಳು ಗುಲಗಂಜಿಯನ್ನು ಕುರಿತು ಇಷ್ಟು ದೀರ್ಘವಾಗಿ ಬರೆದ ನಾನು ಸರಕಾರದ ಗುಲಗಂಜಿಗಳನ್ನು ಎಣಿಸಹೋಗುವುದಿಲ್ಲ.

ಸರಕಾರಕ್ಕೂ ಜೂಜಿಗೂ ಇರುವ ನಂಟು ಹಳೆಯದು. ಕೌಟಿಲ್ಯನು ಜೂಜನ್ನು ಬೇರುಸಹಿತ ಕಿತ್ತೊಗೆಯಬೇಕೆಂದು ಹೇಳಲಿಲ್ಲ; ದ್ಯೂತಾಧ್ಯಕ್ಷನೊಬ್ಬನನ್ನು ನೇಮಿಸಿ, ಒಂದೇ ಸ್ಥಳದಲ್ಲಿ ಆಡಿಸಿ, ಗೆದ್ದವನಿಂದ ನೂರಕ್ಕೆ ಐದನ್ನೂ ಕವಡೆ ದಾಳಗಳ ಬಾಡಿಗೆಯನ್ನೂ ವಸೂಲು ಮಾಡಬೇಕೆಂದನು. ನೂರಕ್ಕೆ ಐದು, ಅದೂ ಗೆದ್ದವನಿಂದ. ನನ್ನ ಕಾಗದದ ಯಂತ್ರಕ್ಕಿಂತ ಮೌರ್ಯರ ಅಧ್ಯಕ್ಷನು ಎರಡು ಗುಲಗಂಜಿಯಷ್ಟು ಉದಾರಿ. ನಮ್ಮ ಮೈಸೂರು ದೇಶದ ಪ್ರಕರಣವೊಂದು ಈ ವಿಷಯದಲ್ಲಿ ಇಡೀ ಭಾರತಕ್ಕೆ ನ್ಯಾಯಸೂತ್ರವಾಯಿತೆಂಬುದು ಅನೇಕರಿಗೆ ತಿಳಿಯದು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯಲ್ಲಿ ಚಮರ್ಬಾಗ್‌ವಾಲಾ ಎಂಬವರ ಸಂಸ್ಥೆಯು ಬಹುಮಾನದ ಪದಬಂಧಗಳನ್ನು ನಡೆಸುತ್ತಿತ್ತು. ಮುಂಬಯಿ ಸರಕಾರವು ಅದಕ್ಕೆ ತೆರಿಗೆ ಹಾಕಹೋಗಿ ವ್ಯಾಜ್ಯವು ಸುಪ್ರೀಂ ಕೋರ್ಟಿಗೆ ಏರಿತು. ಪದಬಂಧದ ಉತ್ತರವನ್ನು ಸಂಘಟಕರು ಮೊದಲೇ ಮುದ್ರೆಯೊತ್ತಿ ಇಟ್ಟಿರುವುದರಿಂದ, ಸ್ಪರ್ಧಿಯ ಪಾಂಡಿತ್ಯವು ಎಷ್ಟಿದ್ದರೂ ಆ ಮುಚ್ಚಿದ ಲಕೋಟೆಯೊಡನೆ ತಾಳೆಬೀಳುವುದು ಅದೃಷ್ಟವೇ ಎಂದೂ, ಜೂಜು ವ್ಯಾಪಾರವೆಂಬ ಹೆಸರಿಗೆ ಅರ್ಹವಲ್ಲವೆಂದೂ 1957ರಲ್ಲಿ ಮುಖ್ಯ ನ್ಯಾಯಾಧೀಶ ಸುಧೀರಂಜನ ದಾಸರ ಪೀಠವು ತೀರ್ಪಿತ್ತಿತು. ಋಗ್ವೇದದ ಜೂಜುಕೋರನ ಸೂಕ್ತವನ್ನೂ ಆ ತೀರ್ಪಿನಲ್ಲಿ ಸ್ಮರಿಸಲಾಗಿದೆ. ಬೆಂಗಳೂರಿನ ವಿಡಿಯೋ ಗೇಮ್ ಅಂಗಡಿಗಳ ಪರವಾನಗಿಯ ಪ್ರಶ್ನೆಯು 1995ರಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದಾಗಲೂ ಸರಕಾರದ ನಿಯಂತ್ರಣಾಧಿಕಾರವೇ ಗೆದ್ದಿತು. ಇಷ್ಟೆಲ್ಲದರ ನಡುವೆ ನಮ್ಮ ಸರಕಾರವೇ ಲಾಟರಿಯನ್ನು ನಡೆಸುತ್ತಿತ್ತು. ಬಸ್‌ಸ್ಟ್ಯಾಂಡಿನ ಲಾಟರಿ ಅಂಗಡಿಗಳು ಬಾಗಿಲು ಹಾಕಿದುದು 2007ರಲ್ಲಿ. ಬಾಗಿಲಿರುವ ಅಂಗಡಿಯನ್ನು ಮುಚ್ಚಬಹುದು. ಆಮೇಲೆ ಅವು ಮೊಬೈಲಿನೊಳಗೆ ತೆರೆದುಕೊಂಡುವು. ಹಣವಿಟ್ಟು ಆಡುವ ಅಂಥ ಆಟಗಳನ್ನು ನಿಷೇಧಿಸಿ ಕೇಂದ್ರವು ಕಾಯಿದೆ ಮಾಡಿದುದು 2025ರ ಆಗಸ್ಟಿನಲ್ಲಿ.

ಕಾಯಿದೆಗಿಂತ ನನಗೆ ನಳನ ಕಥೆಯಲ್ಲಿ ಹೆಚ್ಚು ಭರವಸೆ. ಕನಕದಾಸರ ನಳಚರಿತ್ರೆಯನ್ನು ಓದಿ ದಮಯಂತಿಗಾಗಿ ಕಣ್ಣೀರಿಟ್ಟವರು ನಮ್ಮ ಹಳೆಯ ಮನೆಗಳಲ್ಲಿ ಬಹುಮಂದಿ. ಆದರೆ ಋತುಪರ್ಣನ ಪ್ರಸಂಗವನ್ನು ನಿಧಾನಿಸಿ ಓದಿದವರು ವಿರಳ. ಮಹಾಭಾರತದಲ್ಲಿ ಆ ರಾಜನು ಓಡುತ್ತಿರುವ ರಥದಲ್ಲಿ ಕುಳಿತು ದಾರಿಯ ತಾರೆಮರವೊಂದರ ಎಲೆಗಳೆಷ್ಟು, ಕಾಯಿಗಳೆಷ್ಟು ಎಂಬುದನ್ನು ಹೇಳಿಬಿಡುತ್ತಾನೆ. ಸಾರಥಿಯ ವೇಷದಲ್ಲಿದ್ದ ನಳನು ರಥ ನಿಲ್ಲಿಸಿ, ಮರವನ್ನು ಕಡಿದು ಕಾಯಿಗಳನ್ನು ಎಣಿಸಿ ನೋಡಿದರೆ ಲೆಕ್ಕವು ಸರಿಯಾಗಿರುತ್ತದೆ. ಆ ಕಾಲದ ಜೂಜಿನ ಕಾಯಿ ತಾರೆಕಾಯಿಯೇ ಎಂಬುದನ್ನು ನೆನೆದರೆ ಕವಿಯ ಔಚಿತ್ಯವು ಹೊಳೆಯುತ್ತದೆ. ಅಶ್ವಹೃದಯಕ್ಕೆ ಬದಲಾಗಿ ಅಕ್ಷಹೃದಯವನ್ನು ಪಡೆದ ಗಳಿಗೆಯಲ್ಲಿಯೇ ಕಲಿಯು ನಳನ ದೇಹದಿಂದ ಹೊರಬೀಳುತ್ತಾನೆ. ಮಂತ್ರದಿಂದಲ್ಲ, ಉಪವಾಸದಿಂದಲ್ಲ, ಎಣಿಕೆಯ ವಿದ್ಯೆಯಿಂದ. ಅದಕ್ಕಿಂತಲೂ ನನ್ನನ್ನು ಬೆರಗುಗೊಳಿಸುವುದು ಮುಂದಿನದು. ನಳನು ಹಿಂದೆ ತನ್ನನ್ನು ಸೋಲಿಸಿದ್ದ ಪುಷ್ಕರನೆದುರು ಮತ್ತೆ ಕುಳಿತಾಗ ಆಡಿದುದು ಒಂದೇ ಒಂದು ಪಣ. ರಾಜ್ಯ, ಕೋಶ, ಪ್ರಾಣ ಎಲ್ಲವನ್ನೂ ಒಂದೇ ಎಸೆತಕ್ಕೆ ಒಡ್ಡಿ, ಗೆದ್ದು, ಎದ್ದನು. ಧರ್ಮರಾಯನಾದರೋ ಮೊದಲು ಮುತ್ತಿನ ಹಾರ, ಆಮೇಲೆ ರಥ, ಆನೆ, ಕುದುರೆ, ತಮ್ಮಂದಿರು ಎಂದು ಪಣದ ಮೇಲೆ ಪಣವನ್ನೊಡ್ಡುತ್ತ ಹೋದನು. ತಕ್ಕಡಿ ಎದುರಾಳಿಯ ಕಡೆಗೆ ವಾಲಿರುವಲ್ಲಿ ಹೆಚ್ಚು ಬಾರಿ ತೂಗಿದಷ್ಟೂ ಸೋಲು ಖಚಿತವೆಂಬುದನ್ನು ಈಗಿನ ಗಣಿತಜ್ಞರು ಸಮೀಕರಣಗಳಿಂದ ತೋರಿಸುತ್ತಾರೆ. ವ್ಯಾಸರು ಇಬ್ಬರು ಅರಸರನ್ನು ಆಡಲು ಕೂರಿಸಿ ತೋರಿಸಿದರು.

ಈ ಎಲ್ಲ ವಿಚಾರಗಳನ್ನೂ, ಕಾಗದದ ಯಂತ್ರವನ್ನೂ ಹಿಡಿದುಕೊಂಡು ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಸ್ನೇಹಿತರ ಅಂಗಡಿಯ ಜಮಖಾನದ ಮೇಲೆ ಕುಳಿತು ಸಾವಧಾನವಾಗಿ ವಿವರಿಸಿದೆನು. ಅವರು ಒಳ್ಳೆಯ ವಿದ್ಯಾರ್ಥಿಗಳು. ಗುಣಾಕಾರಗಳನ್ನು ನನಗಿಂತ ಮುಂಚೆಯೇ ಬಾಯಲ್ಲಿ ಮಾಡಿ ಮುಗಿಸಿದರು. ಬಾಳೆಯ ಒಂದು ರೂಪಾಯಿಯ ಚಮತ್ಕಾರಕ್ಕೆ, ‘ಇದು ಪಕ್ಕಾ ವ್ಯಾಪಾರ ಸ್ವಾಮಿ, ನಾವೂ ಲುಂಗಿ ಟವಲ್ಲುಗಳಲ್ಲೇ ದುಡಿಯೋದು, ರೇಷ್ಮೆಸೀರೆಯಲ್ಲಲ್ಲ’ ಎಂದು ತಲೆದೂಗಿದರು. ನನ್ನ ಶ್ರಮವು ಸಾರ್ಥಕವಾಯಿತೆಂದುಕೊಂಡು ಕಾಗದವನ್ನು ಮಡಿಸುವಷ್ಟರಲ್ಲಿ ಅವರು ತುಸು ಮುಂದಕ್ಕೆ ಬಾಗಿ, ‘ಅದಿರಲಿ, ಗಂಟೆಗೆ ಇನ್ನೂರರ ಬದಲು ಮುನ್ನೂರು ಕೊಡೋ ಮಷೀನು ಇರೋದಿಲ್ಲವೆ?’ ಎಂದು ಕೇಳಿದರು.

‘ಇರಬಹುದು. ಆದರೆ ಅದರಲ್ಲಿ ಬಾಳೆಗೆ ಎರಡೇ ರೂಪಾಯಿ ಇಟ್ಟಿರುತ್ತಾರೆ. ಗಂಟೆಯಲ್ಲಿ ನೂರು ಹೆಚ್ಚು ಕೊಟ್ಟು ಬಾಳೆಯಲ್ಲಿ ನೂರ ಇಪ್ಪತ್ತೆಂಟು ಇಟ್ಟುಕೊಳ್ಳುತ್ತಾರೆ. ಒಟ್ಟಿನಲ್ಲಿ ನಿಮಗೆ ಇದಕ್ಕಿಂತಲೂ ನಷ್ಟ’ ಎಂದೆನು.

ಅವರು ಗಜಕೋಲನ್ನು ಬದಿಗಿಟ್ಟು, ಮುಖವರಳಿಸಿಕೊಂಡು, ‘ಬಾಳೆ ಯಾರಿಗೆ ಬೇಕು, ಬಿಡಿ ಸ್ವಾಮಿ! ಗಂಟೆ ಮುನ್ನೂರಾಯಿತಲ್ಲ!’ ಎಂದರು.